ಅತ್ತೆಯ ಅಪ್ಸರೆ

ಆ ಬೀದಿಯಲ್ಲಿ ಯಾರ ಹೆಸರಿನಲ್ಲಿ ಏನಿದೆ ಎನ್ನುವುದು ಎಲ್ಲರಿಗೂ ಗೊತ್ತಿತ್ತು. ಹೊಲಿಗೆಯವಳ ಹೆಸರಿನಲ್ಲಿ ಅಂಗಡಿ ಇತ್ತು, ಮೂಲೆಮನೆಯ ದಂತವೈದ್ಯನ ಹೆಸರಿನಲ್ಲಿ ಎರಡು ಮನೆಗಳಿದ್ದವು. ಅತ್ತೆಯ ಹೆಸರಿನಲ್ಲಿ ಮಾತ್ರ ಒಬ್ಬಳು ಅಪ್ಸರೆ ಇದ್ದಳು.

ಇದು ಬಡಾಯಿಯಲ್ಲ. ಹುಳಗಳನ್ನು ಓದುವವರ ಕನ್ನಡದಲ್ಲಿ ರೆಕ್ಕೆ ಬಲಿಯದ ಕೆಲವು ಜಾತಿಯ ಮರಿಗಳಿಗೆ ಅಪ್ಸರೆ ಎಂದೇ ಹೆಸರು. ಆ ಹೆಸರಿಟ್ಟ ಪುಣ್ಯಾತ್ಮ ಹುಳವನ್ನು ನೋಡದೆಯೇ ಇಟ್ಟಿರಬೇಕು. ಮಾವ ಹರೆಯದಲ್ಲಿ, ಮದುವೆಯಾದ ಹೊಸತರಲ್ಲೇ, ಹೆಂಡತಿಯನ್ನು ಬಿಟ್ಟು ದಕ್ಷಿಣ ಅಮೆರಿಕದ ಯಾವುದೋ ನದಿಗೆ ಹುಳ ಹಿಡಿಯಲು ಹೋಗಿದ್ದರು. ಬರುವಾಗ ಹೆಂಡತಿಗೆಂದು ಒಂದು ಕರವಸ್ತ್ರವನ್ನೂ ತರಲಿಲ್ಲ. ಪೆಟ್ಟಿಗೆ ತುಂಬ ಹುಳ ನೆನೆಹಾಕಿದ ಸ್ಪಿರಿಟ್ಟಿನ ಸೀಸೆಗಳನ್ನು ತಂದರು. ಅತ್ತೆ ಮುಖ ಊದಿಸಿಕೊಂಡು ಮಾತು ಬಿಟ್ಟರು. ಬೇರೆ ದಾರಿ ಕಾಣದ ಮಾವ, ತಂದ ಮೇಫ್ಲೈ ಮರಿಗಳಲ್ಲಿ ಹೊಸದೆಂದು ಕಂಡ ಒಂದಕ್ಕೆ ಅತ್ತೆಯ ಹೆಸರನ್ನೇ, ಲ್ಯಾಟಿನ್ನಿನ ಬಾಲ ಅಂಟಿಸಿ, ಇಟ್ಟುಬಿಟ್ಟರು. "ಒಬ್ಬಳು ಅಪ್ಸರೆಗೆ ನಿನ್ನ ಹೆಸರಿಟ್ಟಿದ್ದೀನಿ ಕಣೇ," ಎಂದರು. ಅತ್ತೆ ಅಂದು ನಕ್ಕರು. ನಕ್ಕ ಮೇಲೆ ಆ ಮಾತನ್ನು ಒಂದು ದಿನಕ್ಕೂ ನೆಲಕ್ಕೆ ಬೀಳಗೊಡಲಿಲ್ಲ.

ಮೇಫ್ಲೈ ಎಂದರೆ ರೆಕ್ಕೆ ಬಂದ ಮೇಲೆ ಒಂದೆರಡು ದಿನವೂ ಬಾಳದ ಬಡಪಾಯಿ ಹುಳ. ಅದರ ನಿಜವಾದ ಸಂಸಾರವೆಲ್ಲ ಮರಿಯಾಗಿದ್ದಾಗಲೇ, ಹೊಳೆಯ ಕಲ್ಲಿನಡಿಯಲ್ಲಿ, ಮತ್ತೆ ಮತ್ತೆ ಚರ್ಮ ಬಿಡುತ್ತ ನಡೆಯುತ್ತದೆ. ಗುರುತು ಹಿಡಿಯುವವರೂ ಆ ಮರಿಯ ದವಡೆ, ತುಟಿ, ಹೊಟ್ಟೆಯ ಪಕ್ಕದ ಕಿವಿರು, ಕಾಲಿನ ಉಗುರು, ಇವನ್ನೇ ನೋಡಬೇಕು. ಮಾವನ ಹುಳದ ಹೆಚ್ಚುಗಾರಿಕೆ ಇದ್ದದ್ದು ಉಗುರಿನಲ್ಲಿ. ಅದರ ಅಕ್ಕತಂಗಿಯರಿಗೆಲ್ಲ ಉಗುರಿನ ಒಳಬದಿಗೆ ಒಂದು ಸಾಲು ಸಣ್ಣ ಹಲ್ಲು. ಇದಕ್ಕೆ ಎರಡು ಸಾಲು. ಆ ಉಗುರಿನ ದೊಡ್ಡ ಚಿತ್ರವೊಂದನ್ನು ಕಪ್ಪು ಮಸಿಯಲ್ಲಿ ಬಿಡಿಸಿ, ಚೌಕಟ್ಟು ಹಾಕಿಸಿ, ನಡುಮನೆಯಲ್ಲಿ ಮದುವೆಯ ಫೋಟೋದ ಪಕ್ಕ ತೂಗುಹಾಕಿದ್ದರು. ಬಂದವರು ಅದನ್ನು ಬಾಚಣಿಗೆಯೆಂದೋ ಗರಗಸವೆಂದೋ ತಿಳಿಯುತ್ತಿದ್ದರು. ಅತ್ತೆಗೆ ಬೇಕಾದದ್ದೂ ಅದೇ.

"ಬಾಚಣಿಗೆ ಅಲ್ಲಪ್ಪಾ, ನನ್ನ ಅಪ್ಸರೆ ಉಗುರು. ಎರಡು ಸಾಲು ಹಲ್ಲು. ಅವಳ ವಂಶದಲ್ಲಿ ಇನ್ಯಾರಿಗೂ ಇಲ್ಲ."

ಎರಡು ಸಾಲು ಹಲ್ಲಿನ ಹುಳಕ್ಕೆ ಗಂಡ ಈಕೆಯ ಹೆಸರನ್ನೇ ಇಟ್ಟದ್ದರಲ್ಲಿ ಏನೋ ಮರ್ಮವಿದೆ ಎಂದು ದಂತವೈದ್ಯ ಹಿಂದಿನಿಂದ ಆಡಿಕೊಳ್ಳುತ್ತಿದ್ದ. ಎದುರಿಗೆ ಆಡುವಷ್ಟು ಗುಂಡಿಗೆ ಅವನಿಗಿರಲಿಲ್ಲ. ಇನ್ನು ಆ ಹುಳವನ್ನು ಅತ್ತೆ ಒಮ್ಮೆಯೂ ಕಂಡಿರಲಿಲ್ಲ. ಸೀಸೆಯಲ್ಲಿ ನೆನೆಹಾಕಿದ ಅಪ್ಸರೆಯನ್ನು ನೋಡುವ ಮನಸ್ಸು ತನಗಿಲ್ಲ ಎನ್ನುತ್ತಿದ್ದರು.

ಈ ಮನೆಗೆ ಸೊಸೆಯಾಗಿ ಬಂದವಳೂ ಹುಳದವಳೇ. ಮಾವನ ಸೀಸೆಗಳೆಲ್ಲ ಹೋಗಿ ಸೇರಿದ್ದ ಮ್ಯೂಸಿಯಮ್ಮಿನ ಕೀಟ ವಿಭಾಗದಲ್ಲೇ ಅವಳಿಗೆ ಕೆಲಸ. ಎಳ್ಳಿಗಿಂತ ಸಣ್ಣ ತಲೆಯಿಂದ ದವಡೆ, ತುಟಿ ಎಲ್ಲವನ್ನೂ ಮುರಿಯದೆ ಬಿಡಿಸಿ ಗಾಜಿನ ಸ್ಲೈಡಿನ ಮೇಲೆ ಸಾಲಾಗಿ ಕೂರಿಸುವುದರಲ್ಲಿ ಅವಳದು ಎತ್ತಿದ ಕೈ. ಅದಕ್ಕೇ ಅಲ್ಲಿ ಎಲ್ಲರೂ ಅವಳನ್ನು ಸೂಜಿ ಎಂದು ಕರೆಯುತ್ತಿದ್ದರು. ಅದು ಕೈಗೆ ಬಂದ ಹೆಸರಲ್ಲ, ನಾಲಿಗೆಗೆ ಬಂದದ್ದು ಎಂದು ಗಂಡನ ವಾದ.

ಅವಳಿಗೆ ಆಗ ಬಿದ್ದಿದ್ದ ಕೆಲಸ, ಮಾವ ಹೋಗಿದ್ದ ಅದೇ ನದಿಯ ಮೇಫ್ಲೈ ಮರಿಗಳಿಗೆ ಒಂದು ಗುರುತಿನ ಕೀಲಿ ಬರೆಯುವುದು. ಕೀಲಿಯೆಂದರೆ ಪ್ರಶ್ನೆಗಳ ಸರಪಳಿ. ಬಾಲ ಎರಡೋ ಮೂರೋ? ಕಿವಿರು ಎಲೆಯಂತಿದೆಯೋ ದಾರದಂತಿದೆಯೋ? ಒಂದೊಂದು ಉತ್ತರಕ್ಕೆ ಒಂದೊಂದು ದಾರಿ, ದಾರಿಯ ಕೊನೆಗೆ ಒಂದು ಹೆಸರು. ಎಲ್ಲೋ ಹೊಳೆಯ ದಡದಲ್ಲಿ ಯಾರೋ ಒದ್ದೆ ಕೈಯಲ್ಲಿ ಮರಿ ಹಿಡಿದುಕೊಂಡು ಇದನ್ನೇ ನಂಬಿ ಕೂತಿರುತ್ತಾರೆ. ಒಂದು ಪ್ರಶ್ನೆ ತಪ್ಪಾದರೆ ಅವರು ಇಲ್ಲದ ಹುಳವನ್ನು ಹುಡುಕುತ್ತ ಆಯುಷ್ಯ ಕಳೆಯಬೇಕು. ಹಾಗಾಗಿ ಸೂಜಿ ತಾನು ಕಾಣದ್ದನ್ನು ಬರೆಯುವವಳಲ್ಲ, ಮಾವ ಕಂಡಿದ್ದರೂ ಅಷ್ಟೇ. ಮಾವನ ಮೂಲ ಸ್ಲೈಡನ್ನು ಕಪಾಟಿನಿಂದ ತೆಗೆಸಿಕೊಂಡು ಮೈಕ್ರೋಸ್ಕೋಪಿನ ಕೆಳಗಿಟ್ಟಳು.

ಎರಡು ಸಾಲು ಹಲ್ಲುಗಳು ನೀಟಾಗಿ ಕಂಡವು. ಅತ್ತೆ ಗೆದ್ದರು ಎಂದುಕೊಂಡು, ಅಭ್ಯಾಸಬಲದಿಂದ, ನೋಟ ಹೊಂದಿಸುವ ಸಣ್ಣ ತಿರುಪನ್ನು ಕೂದಲೆಳೆಯಷ್ಟು ತಿರುಗಿಸಿದಳು. ಒಂದು ಸಾಲು ಮಸುಕಾಗಿ ಇನ್ನೊಂದು ನಿಚ್ಚಳವಾಯಿತು. ಹಿಂದಕ್ಕೆ ತಿರುಗಿಸಿದಳು, ಇದು ಮಸುಕು, ಅದು ನಿಚ್ಚಳ. ಸಾಲುಗಳು ಅಕ್ಕಪಕ್ಕದಲ್ಲಿ ಇರಲೇ ಇಲ್ಲ, ಒಂದರೊಳಗೊಂದು ಇದ್ದವು. ಕೈಗವಸಿನೊಳಗೆ ಬೆರಳಿರುವ ಹಾಗೆ ಉಗುರಿನೊಳಗೆ ಇನ್ನೊಂದು ಉಗುರು. ದವಡೆ ನೋಡಿದಳು, ದವಡೆಯೊಳಗೆ ದವಡೆ. ಕಾಲಿನ ಚರ್ಮದ ಕೆಳಗೆ ಹೊಸ ರೋಮಗಳು ಮಡಚಿಕೊಂಡು ಮಲಗಿದ್ದವು.

ಹುಳ ಚರ್ಮ ಬಿಡುವುದರಲ್ಲಿತ್ತು. ಹಳೆಯದು ಇನ್ನೂ ಮೈಮೇಲಿರುವಾಗಲೇ ಒಳಗೆ ಹೊಸ ಉಗುರು, ಹೊಸ ಹಲ್ಲು ಎಲ್ಲ ತಯಾರಾಗಿದ್ದವು. ಸರಿಯಾಗಿ ಆ ಗಳಿಗೆಗೆ ಮಾವನ ಬಲೆ ಬಂದು ಅದನ್ನು ಎತ್ತಿಕೊಂಡು ಹೋಗಿತ್ತು. ಅದೇ ಸೀಸೆಯ ಉಳಿದ ಮರಿಗಳನ್ನು ತೆಗೆದು ನೋಡಿದಳು. ಎಲ್ಲಕ್ಕೂ ಒಂದೇ ಸಾಲು. ಮಿಕ್ಕ ಲಕ್ಷಣಗಳೆಲ್ಲ ಎಷ್ಟೋ ಕಾಲದ ಹಿಂದೆಯೇ ಯಾರೋ ಹೆಸರಿಟ್ಟು ಹೋಗಿದ್ದ ಮಾಮೂಲಿ ಹುಳದವೇ. ಇವರ ಲೋಕದಲ್ಲಿ ಮೊದಲು ಇಟ್ಟ ಹೆಸರಿಗೇ ಬೆಲೆ. ಅಲ್ಲಿಗೆ ಅತ್ತೆಯ ಅಪ್ಸರೆ ಎಂಬವಳು ಮೂರು ಲೋಕದಲ್ಲೂ ಇರಲಿಲ್ಲ.

ಸೂಜಿಗೆ ಮೊದಲು ಬಂದದ್ದು ನಗು. ಮುಚ್ಚಿಡುವುದೇಕೆ, ಹೊಟ್ಟೆ ತುಂಬ ಖುಷಿಯಾಯಿತು. ಮನೆಯಲ್ಲಿ ಹಾಲು ಉಕ್ಕಿಸಿದರೆ, ಬಟ್ಟೆ ಒಣಹಾಕಲು ಮರೆತರೆ, ಅತ್ತೆ ಅವಳನ್ನು ಬೈಯುತ್ತಿರಲಿಲ್ಲ, ಚೌಕಟ್ಟಿನ ಕಡೆ ತಿರುಗಿ "ನೋಡಿದ್ಯೇನೇ ಇವಳ ಕೆಲಸಾನ?" ಎಂದು ದೂರು ಹೇಳುತ್ತಿದ್ದರು. ಒಂದು ಉಗುರಿನ ಎದುರು ಮಾನ ಕಳೆದುಕೊಳ್ಳುವ ಕಷ್ಟ ಪಟ್ಟವರಿಗೇ ಗೊತ್ತು. ಇನ್ನು ಅವರು ದೂರು ಯಾರಿಗೆ ಹೇಳುತ್ತಾರೆ ನೋಡೋಣ ಎಂದು ಸೂಜಿ ಒಬ್ಬಳೇ ಕೂತು ನಕ್ಕಳು.

ಮನೆಗೆ ಹೋಗುವ ಬಸ್ಸಿನಲ್ಲಿ ಆ ನಗು ಇಳಿಯಿತು. ಅತ್ತೆ ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಆ ಗಾಜು ಒರೆಸಿ, ಕತ್ತು ಓರೆ ಮಾಡಿ ಒಂದು ಗಳಿಗೆ ನಿಲ್ಲುವುದು ನೆನಪಾಯಿತು. ಪಕ್ಕದ ಮದುವೆಯ ಫೋಟೋಗೆ ಆ ಭಾಗ್ಯವಿರಲಿಲ್ಲ. ಹೆಸರು ಕಿತ್ತುಕೊಂಡರೆ ಅತ್ತೆ ಈ ಜನ್ಮದಲ್ಲಿ ತನ್ನನ್ನು ಕ್ಷಮಿಸುವುದಿಲ್ಲ. ಕಿತ್ತುಕೊಳ್ಳದಿದ್ದರೆ ತಾನು ಬರೆಯುವ ಕೀಲಿ ಸುಳ್ಳಾಗುತ್ತದೆ. ಎರಡರಲ್ಲಿ ಯಾವುದಕ್ಕೂ ಅವಳ ಮನಸ್ಸು ಒಪ್ಪಲಿಲ್ಲ.

ಗಂಡನಿಗೆ ಕನ್ನಡಕದಂಗಡಿ. ಲೋಕದ ತಾಪತ್ರಯಗಳೆಲ್ಲ ಕಣ್ಣಿನ ಪವರಿನಿಂದಲೇ ಹುಟ್ಟುತ್ತವೆ ಎಂದು ನಂಬಿದ ಮನುಷ್ಯ.

"ಅಪ್ಪನಿಗೆ ಎರಡು ಕಂಡಿದ್ದು ನಿನಗೆ ಒಂದು ಕಾಣ್ತಿದೆ ಅಂದ್ರೆ ನಿನ್ನ ಪವರ್ ಬದಲಾಗಿದೆ. ನಾಳೆ ಅಂಗಡಿಗೆ ಬಾ, ನೋಡ್ತೀನಿ."

"ಅತ್ತೆಗೆ ಏನು ಹೇಳೋದು, ಅದನ್ನ ಹೇಳು."

"ನೀನೇ ಹೇಳು. ಹೇಳೋ ದಿನ ಯಾವುದು ಅಂತ ಮಾತ್ರ ಮುಂಚೇನೇ ತಿಳಿಸು. ಅವತ್ತು ನಾನು ಅಂಗಡೀಲೇ ಮಲಗ್ತೀನಿ."

ಮರುದಿನ ಅವಳು ಮಾವನನ್ನೇ ಮ್ಯೂಸಿಯಮ್ಮಿಗೆ ಕರೆದುಕೊಂಡು ಹೋದಳು. ನಿವೃತ್ತಿಯಾದ ಮೇಲೆ ಅವರ ಕೈ ಸ್ವಲ್ಪ ನಡುಗುತ್ತಿತ್ತು, ಗತ್ತು ಮಾತ್ರ ನಡುಗುತ್ತಿರಲಿಲ್ಲ. ಎರಡು ಸಾಲನ್ನು ತಾವು ಕಣ್ಣಾರೆ ಕಂಡದ್ದಾಗಿ ಮೆಟ್ಟಿಲು ಹತ್ತುತ್ತಲೇ ಜಗಳ ತೆಗೆದರು. ಮೈಕ್ರೋಸ್ಕೋಪಿಗೆ ಕಣ್ಣಿಟ್ಟು, "ನೋಡು, ಇದೆಯಲ್ಲ," ಎಂದು ಗೆಲುವಿನಿಂದ ಹೇಳಿದರು. ಸೂಜಿ ಅವರ ಬೆರಳನ್ನು ಹಿಡಿದು ತಿರುಪಿನ ಮೇಲಿಟ್ಟಳು. ಮಾವ ತಿರುಗಿಸಿದರು. ಮತ್ತೆ ತಿರುಗಿಸಿದರು. ಕನ್ನಡಕ ತೆಗೆದು ಒರೆಸಿ ಇನ್ನೊಮ್ಮೆ ನೋಡಿದರು. ಆಮೇಲೆ ಕುರ್ಚಿಯನ್ನು ಹಿಂದಕ್ಕೆ ಸರಿಸಿದರು.

"ಎರಡು ಸಾಲು ಕಂಡದ್ದೇ ತಡ, ಮನೆಗೆ ಓಡಿದ್ದೆ ಕಣಮ್ಮ," ಎಂದರು ಕೊನೆಗೆ. "ಇನ್ನೊಂದು ಸುತ್ತು ತಿರುಗಿಸೋ ತಾಳ್ಮೆ ಯಾರಿಗಿತ್ತು ಆಗ? ಬಿಟ್ಟುಬಿಡು ಇದನ್ನ. ನಾನು ಹೋದ್ಮೇಲೆ ಸರಿ ಮಾಡಿದ್ರಾಯ್ತು."

"ನೀವು ಹೋದ್ಮೇಲೂ ನಾನು ಅತ್ತೆ ಜೊತೇಲೇ ಇರ್ಬೇಕಲ್ಲ ಮಾವ. ಅವರು ನಿಮಗಿಂತ ಗಟ್ಟಿ ಇದ್ದಾರೆ."

ಆ ಮಾತು ಮಾವನಿಗೆ ಒಪ್ಪಿಗೆಯಾಯಿತು. ಮೇಜಿನ ಮೇಲಿನ ಸೀಸೆಗಳನ್ನು ನೋಡುತ್ತ ಕೂತವರು, ಒಂದನ್ನು ಬೆಳಕಿಗೆ ಹಿಡಿದು, ಇದು ಯಾವುದೆಂದು ಕೇಳಿದರು. ಅದೂ ಅವರೇ ತಂದದ್ದು, ಬೇರೆ ಕುಲದ್ದು, ಇಷ್ಟು ವರ್ಷ ಯಾರೂ ಮುಟ್ಟದೆ ಮೂಲೆಯಲ್ಲಿ ಬಿದ್ದಿತ್ತು. ಸೂಜಿ ಈಚೆಗೆ ಅದರೊಳಗಿನ ಮರಿಯ ಅಂಗಾಂಗ ಬಿಚ್ಚಿ ಎಲ್ಲದರ ಜೊತೆ ಹೋಲಿಸಿ ನೋಡಿಯಾಗಿತ್ತು. ಮೇಲಿನಿಂದ ನೋಡಿದರೂ ತಲೆಯ ಎರಡು ಬದಿಗೆ ದವಡೆ ಚಾಚಿಕೊಂಡಿರುವ ಅಂಥ ಮರಿಗೆ ಈವರೆಗೆ ಯಾರೂ ಹೆಸರಿಟ್ಟಿರಲಿಲ್ಲ. ಅದು ನಿಜಕ್ಕೂ ಹೊಸದು. ಮಾವನ ಮುಖದಲ್ಲಿ ನಿಧಾನವಾಗಿ ಒಂದು ಕಳ್ಳ ನಗು ಮೂಡಿತು.

"ಬೇರೆ ಕುಲ ಅಂದ್ಮೇಲೆ ನಿಮ್ಮತ್ತೆ ಹೆಸರನ್ನೇ ಮತ್ತೆ ಇಡೋದಕ್ಕೆ ಅಡ್ಡಿ ಇಲ್ಲ ಅಲ್ವಾ?"

"ಮಾವ!"

"ಅವಳೇನು ಹುಳ ನೋಡಿದ್ದಾಳಾ? ಹೆಸರು ಇದ್ದ ಹಾಗೇ ಇರುತ್ತೆ, ಒಳಗಿನ ಹುಳ ಮಾತ್ರ ಬದಲಾಗುತ್ತೆ. ಚೌಕಟ್ಟಿನಲ್ಲಿರೋ ಚಿತ್ರ ಬದಲಾಯಿಸಿದ್ರೆ ಮುಗೀತು."

ಸೂಜಿ ಒಪ್ಪಬಾರದಿತ್ತು, ಒಪ್ಪಿದಳು. ಕೀಲಿಗೆ ಎಳ್ಳಷ್ಟೂ ಊನವಿಲ್ಲ, ಅತ್ತೆಗೆ ನೋವಿಲ್ಲ, ತನಗೆ ಮನೆಯಲ್ಲಿ ಜಾಗವುಂಟು ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡಳು. ಹೊಸ ಹುಳದ ಉಗುರನ್ನು ಹಳೆಯ ಚಿತ್ರದಷ್ಟೇ ದೊಡ್ಡದಾಗಿ, ಅದೇ ಕಪ್ಪು ಮಸಿಯಲ್ಲಿ ಬಿಡಿಸಿದಳು. ಆದರೆ ಏನು ಮಾಡಿದರೂ ಆ ಉಗುರಿಗೆ ಇದ್ದದ್ದು ಒಂದೇ ಸಾಲು ಹಲ್ಲು, ಇಲ್ಲದ ಇನ್ನೊಂದು ಸಾಲನ್ನು ಬಿಡಿಸಲು ಅವಳ ಕೈ ಏಳಲಿಲ್ಲ. ದೂರದಿಂದ ಗೊತ್ತಾಗುವುದಿಲ್ಲ ಎಂದರು ಮಾವ.

ಭಾನುವಾರ ಅತ್ತೆ ಗೆಳತಿಯರ ಜೊತೆ ವಾಕಿಂಗಿಗೆ ಹೋದ ಹೊತ್ತಿಗೆ ಕಾರ್ಯಾಚರಣೆ ನಡೆಯಿತು. ಮಾವ ಮುಂದಾಳು, ಸೂಜಿ ಸ್ಟೂಲಿನ ಮೇಲೆ, ಗಂಡ ಕಿಟಕಿಯ ಹತ್ತಿರ ಕಾವಲು. ಚೌಕಟ್ಟಿನ ಹಿಂದಿನ ಮೊಳೆಗಳು ಜಂಗು ಹಿಡಿದು ಕೂತಿದ್ದವು, ಮಾವನ ಕೈ ನಡುಗಿ ಒಂದು ಮೊಳೆ ಎಲ್ಲೋ ಉರುಳಿ ಹೋಯಿತು, ಗಂಡ ಕಾವಲು ಬಿಟ್ಟು ಅದನ್ನು ಹುಡುಕಲು ಸೋಫಾದ ಕೆಳಗೆ ನುಸುಳಿದ. ಹೇಗೋ ಚೌಕಟ್ಟು ಗೋಡೆಗೆ ಏರಿ, ಮೂವರೂ ಮೂರು ಕುರ್ಚಿಯಲ್ಲಿ ಏನೂ ಅರಿಯದವರ ಹಾಗೆ ಕೂರುವುದಕ್ಕೂ, ಅತ್ತೆ ಬಾಗಿಲು ತೆಗೆಯುವುದಕ್ಕೂ ಸರಿಹೋಯಿತು.

ಅತ್ತೆ ಚಪ್ಪಲಿ ಬಿಟ್ಟರು. ಒಳಗೆ ಹೋಗಲು ಎರಡು ಹೆಜ್ಜೆ ಇಟ್ಟು ನಿಂತರು. ಗೋಡೆಯ ಹತ್ತಿರ ಬಂದು ಕತ್ತು ಓರೆ ಮಾಡಿದರು.

"ನನ್ನ ಇನ್ನೊಂದು ಸಾಲು ಎಲ್ಲಿ?"

ಸೂಜಿ ಸ್ಟೂಲನ್ನು ಕಾಲಿನಿಂದ ಕುರ್ಚಿಯ ಹಿಂದಕ್ಕೆ ತಳ್ಳಿದಳು.

"ಬಿಸಿಲಿಗೆ ಮಸಿ ಮಾಸಿರ್ಬೇಕು ಕಣೇ," ಎಂದರು ಮಾವ.

"ಒಂದೇ ಸಾಲು ಮಾಸುತ್ತಾ?"

"ಅಮ್ಮ, ವಯಸ್ಸಾದ್ಮೇಲೆ ಸಣ್ಣದು ಕಾಣ್ಸಲ್ಲ," ಎಂದ ಮಗ. "ನಾಳೆ ಅಂಗಡಿಗೆ ಬಾ, ಪವರ್ ನೋಡ್ತೀನಿ."

ಅತ್ತೆ ಒಬ್ಬೊಬ್ಬರ ಮುಖವನ್ನೂ ದಿಟ್ಟಿಸಿ ನೋಡುತ್ತ ಬಂದರು. ಸೂಜಿಯ ಮುಂದೆ ನಿಂತರು. ಮಾವ ಹಿಂದಿನಿಂದ ಕಣ್ಣುಸನ್ನೆಯಲ್ಲಿ ಗೋಗರೆಯುತ್ತಿದ್ದರು. ಇವಳೂ ಒಂದು ಸುಳ್ಳು ಹುಡುಕಿದಳು, ಸಿಗಲಿಲ್ಲ.

"ಅತ್ತೆ, ನಿಮ್ಮ ಅಪ್ಸರೆ ಇಲ್ಲ," ಎಂದಳು. "ಯಾವತ್ತೂ ಇರ್ಲಿಲ್ಲ. ಆ ಇನ್ನೊಂದು ಸಾಲು ಹಲ್ಲು ಒಳಗಿನ ಹೊಸ ಉಗುರಿಂದು. ನಾನೇ ನೋಡಿದೆ. ನಾನೇ ಈ ಚಿತ್ರಾನೂ ಬದಲಾಯಿಸ್ದೆ. ತಪ್ಪಾಯ್ತು."

ಅತ್ತೆ ಕೋಣೆಗೆ ಹೋದರು. ಬಾಗಿಲನ್ನು ಧಡಾರೆಂದು ಹಾಕಿದ್ದರೆ ಚೆನ್ನಾಗಿತ್ತು, ಮೆಲ್ಲಗೆ ಹಾಕಿಕೊಂಡರು. ಆ ಸಂಜೆ ಮನೆಯಲ್ಲಿ ಯಾರೂ ಟಿವಿ ಹಚ್ಚಲಿಲ್ಲ. ಸೂಜಿಗೆ ಅತ್ತೆಯ ಬೈಗುಳವೇ ಬೇಕಾಗಿತ್ತು. ಚೌಕಟ್ಟಿಗಾದರೂ ಹೇಳಲಿ, ಏನಾದರೂ ಹೇಳಲಿ ಎನಿಸಿತು. ತನ್ನ ಮನೆಯಲ್ಲಿ ತಾನು ಬಾಡಿಗೆಯವಳಾದೆ ಎಂದುಕೊಂಡು ಒಳಗೊಳಗೇ ಅತ್ತಳು.

ಬೆಳಿಗ್ಗೆ ಎದ್ದು ಬಂದರೆ ಅತ್ತೆ ಹೊರಗೆ ಹೋಗುವ ಬಟ್ಟೆ ಉಟ್ಟು, ಕೈಚೀಲ ಹಿಡಿದು, ಬಾಗಿಲಲ್ಲಿ ನಿಂತಿದ್ದರು. "ನಡಿ, ತೋರ್ಸು," ಎಂದರು. ಮಾವನ ಕಡೆ ತಿರುಗಿ, "ನೀವೂ ಬನ್ನಿ. ನಿಮ್ಮದೇ ಘನಕಾರ್ಯ," ಎಂದರು.

ಮ್ಯೂಸಿಯಮ್ಮಿನ ಮೆಟ್ಟಿಲುಗಳನ್ನು ಅವರು ನಡುವೆ ಎಲ್ಲೂ ನಿಲ್ಲದೆ ಹತ್ತಿದರು. ಸ್ಪಿರಿಟ್ಟಿನ ವಾಸನೆಗೆ ಮೂಗು ಮುರಿದರು. ಎತ್ತರದ ಕುರ್ಚಿಯಲ್ಲಿ ಕೂತರೆ ಕಾಲು ನೆಲಕ್ಕೆ ಎಟುಕಲಿಲ್ಲ. ಸೂಜಿ ಮೊದಲು ಇಡೀ ಮರಿ ಒಂದನ್ನು ಗಾಜಿನ ಬಟ್ಟಲಿಗೆ ಹಾಕಿ ಮೈಕ್ರೋಸ್ಕೋಪಿನ ಕೆಳಗಿಟ್ಟಳು. ಚಪ್ಪಟೆ ಮೈ, ಎರಡು ಬದಿಗೆ ಉಬ್ಬಿದ ಕಣ್ಣು, ರೋಮ ತುಂಬಿದ ತೊಡೆ, ಹೊಟ್ಟೆಯ ಪಕ್ಕ ಹರಿದ ಲಂಗದ ಅಂಚಿನಂಥ ಕಿವಿರು, ಹಿಂದೆ ಮೂರು ಬಾಲ.

"ಇದಾ ಅಪ್ಸರೆ?"

"ಹೂಂ ಅತ್ತೆ."

"ಇದಾ?" ಅತ್ತೆ ಕಣ್ಣು ಕೀಳದೆ ಮತ್ತೆ ಕೇಳಿದರು. "ಇದನ್ನ ನೋಡಿ ನನ್ನ ನೆನಪಾಯ್ತೇನ್ರೀ ನಿಮಗೆ?"

ಮಾವ ಕಪಾಟಿನ ಕಡೆ ಮುಖ ಮಾಡಿದರು. ಸೂಜಿ ಉಗುರಿನ ಸ್ಲೈಡನ್ನು ಇನ್ನೊಂದು ಮೈಕ್ರೋಸ್ಕೋಪಿನ ಕೆಳಗಿಟ್ಟು, ತಿರುಪು ತಿರುಗಿಸುವುದು ಹೇಗೆಂದು ತೋರಿಸಿಕೊಟ್ಟಳು. ಅತ್ತೆ ಆ ಕಡೆ ತಿರುಗಿಸಿದರು, ಈ ಕಡೆ ತಿರುಗಿಸಿದರು. ಒಂದು ಸಾಲು ಹೋಗಿ ಇನ್ನೊಂದು ಬರುವುದನ್ನು ಎಷ್ಟೋ ಸಲ ನೋಡಿದರು. ಒಳಗಿನದು ಹೊಸ ಚರ್ಮ, ಹೊರಗಿನದು ಬಿಡುವುದರಲ್ಲಿದ್ದ ಹಳೆಯದು ಎಂದು ಸೂಜಿ ಮೆಲ್ಲಗೆ ವಿವರಿಸಿದಳು.

ಅತ್ತೆ ತಲೆ ಎತ್ತಿದರು. "ಅಂದ್ರೆ, ಪಾಪ, ಅದು ಬಟ್ಟೆ ಬದಲಾಯಿಸ್ತಾ ಇದ್ದಾಗ ಹೋಗಿ ಹಿಡಿದು, ಅದಕ್ಕೆ ನನ್ನ ಹೆಸರಿಟ್ಟು, ಊರಿಗೆಲ್ಲ ತೋರಿಸಿದ್ರಾ? ನಾಚಿಕೆ ಆಗ್ಲಿಲ್ವೇನ್ರೀ ನಿಮಗೆ?"

ಮಾವನ ಕಿವಿಯ ತುದಿ ಕೆಂಪಾಯಿತು. ಸೂಜಿ ನಗು ತಡೆಯಲಾರದೆ ಕೆಮ್ಮಿದಳು. ಅತ್ತೆ ಅವಳತ್ತ ತಿರುಗಿದರು.

"ನೀನು ನಗ್ಬೇಡ. ನನಗೆ ನೋವಾಗಿಲ್ಲ ಅಂದ್ಕೋಬೇಡ, ರಾತ್ರಿ ಎಲ್ಲ ಅತ್ತಿದ್ದೀನಿ. ಹುಳ ಹೋಗಿದ್ದಕ್ಕಲ್ಲ. ಮೂರು ಜನ ಸೇರ್ಕೊಂಡು ನನ್ನನ್ನ ಮಂಗ ಮಾಡಿದ್ರಲ್ಲ, ಅದಕ್ಕೆ."

ಸೂಜಿ ತಲೆ ತಗ್ಗಿಸಿದಳು. ಹೇಗಾದರೂ ಸರಿಮಾಡಬೇಕೆಂದು ಹೊಸ ಹುಳವನ್ನು ತಂದಿಟ್ಟು, ಇದು ನಿಜವಾಗಿಯೂ ಹೊಸದು, ಇದಕ್ಕೆ ನಿಮ್ಮ ಹೆಸರು ಇಡುತ್ತೇವೆ, ಈ ಸಲ ಮೋಸವಿಲ್ಲ ಎಂದಳು. ಅತ್ತೆ ಮತ್ತೆ ಕಣ್ಣಿಟ್ಟರು. ಬಹಳ ಹೊತ್ತು ನೋಡಿದರು. ಅವರ ಭುಜ ಕುಲುಕತೊಡಗಿದಾಗ ಅಳುತ್ತಿದ್ದಾರೆಂದು ಸೂಜಿ ಹೆದರಿದಳು. ಅತ್ತೆ ನಗುತ್ತಿದ್ದರು.

"ಈ ದವಡೆ ನಂದಲ್ಲ. ಯಾರದ್ದು ಅಂತ ನನಗೆ ಗೊತ್ತು," ಎಂದರು. "ತಲೆಗಿಂತ ಬಾಯಿ ಮುಂದೆ. ಕಚ್ಚಿದ್ದನ್ನ ಬಿಡೋ ಪೈಕಿ ಅಲ್ಲ. ಇದು ನೀನೇ."

"ನನ್ನ ಹೆಸರನ್ನ ನಾನೇ ಇಡೋ ಹಾಗಿಲ್ಲ ಅತ್ತೆ. ಚೆನ್ನಾಗಿರಲ್ಲ."

"ನೀನ್ಯಾಕೆ ಇಡ್ತೀಯಾ? ಇವರು ಇಡ್ತಾರೆ. ರಿಟೈರ್ ಆಗಿದ್ದು ಕೆಲಸದಿಂದ, ಬುದ್ಧಿಯಿಂದ ಅಲ್ವಲ್ಲ. ಈ ಸಲ ತಿರುಪು ಪೂರ್ತಿ ತಿರುಗಿಸಿ ನೋಡಿ ಇಡ್ಲಿ. ನಾನು ಇಲ್ಲೇ ಕೂತಿರ್ತೀನಿ."

ಹೇಳಿದ ಹಾಗೆಯೇ ಕೂತರು. ಆ ವಾರವೆಲ್ಲ ಕೀಟ ವಿಭಾಗದವರಿಗೆ ಅತ್ತೆಯ ಕೈಚೀಲಕ್ಕೂ ಒಂದು ಕೊಕ್ಕೆ ಬಿಟ್ಟುಕೊಡಬೇಕಾಯಿತು. ಮಾವ ಬಾಯಲ್ಲಿ ಹೇಳುವುದು, ಸೂಜಿ ಬಿಡಿಸುವುದು, ಅಳೆಯುವುದು. ಎಡ ದವಡೆ, ಬಲ ದವಡೆ, ತುಟಿಯ ಕೂದಲು, ಉಗುರು. ಪ್ರತಿಯೊಂದಕ್ಕೂ ಅತ್ತೆ ಒಮ್ಮೆ ಇಣುಕಿ ನೋಡಿ, "ಚರ್ಮ ಬಿಡ್ತಾ ಇಲ್ಲ ತಾನೆ?" ಎಂದು ಕೇಳುವುದು. ಅಪ್ಪನ ಮೇಲೆ ಅಮ್ಮ ಕಾವಲು ಕೂತಿರುವುದನ್ನು ನೋಡಲೆಂದೇ ಮಗ ಒಂದು ದಿನ ಅಂಗಡಿ ಮುಚ್ಚಿ ಬಂದು ಹೋದ.

ಎಲ್ಲ ಮುಗಿದು ಒಂದು ಸಾಲು ಮಾತ್ರ ಉಳಿಯಿತು. ಹೊಸ ಜೀವಕ್ಕೆ ಈ ಹೆಸರೇ ಯಾಕೆ ಎಂದು ಬರೆಯುವ ಪದ್ಧತಿಯಿದೆ. ಸೂಜಿ ಮೈಕ್ರೋಸ್ಕೋಪಿಗೆ ಕಣ್ಣಿಟ್ಟು ದವಡೆಯ ಹಲ್ಲುಗಳನ್ನು ಕೊನೆಯ ಸಲ ಎಣಿಸುತ್ತಿದ್ದಳು. ಹಿಂದೆ ಮಾವ ಪೆನ್ಸಿಲಿನಲ್ಲಿ ಬರೆಯುತ್ತ ಗಟ್ಟಿಯಾಗಿ ಓದಿದರು: "ಲೇಖಕನ ಸೊಸೆಯ ಹೆಸರು."

"ಅಷ್ಟೇನಾ? ಸೊಸೆ ಎಲ್ಲರ ಮನೇಲೂ ಇರ್ತಾಳೆ," ಎಂದಿತು ಅತ್ತೆಯ ದನಿ. "ಅದನ್ನ ಹೊಡೆದುಹಾಕಿ. ನಾನು ಹೇಳ್ತೀನಿ, ಬರ್ಕೊಳ್ಳಿ. ಬಾಯಿ ದೊಡ್ಡದು. ಆದ್ರೆ ಆ ಬಾಯಲ್ಲಿ ಸುಳ್ಳು ನಿಲ್ಲಲ್ಲ. ನಮ್ಮವಳು."

"ನಮ್ಮವಳು ಅನ್ನೋದನ್ನ ಇಂಥಾ ಕಡೆ ಬರೆಯೋ ರೂಢಿ ಇಲ್ಲ ಕಣೇ."

"ರೂಢಿ ಮಾಡಿ."

ಸೂಜಿ ತಲೆ ಎತ್ತಲಿಲ್ಲ. ದವಡೆಯ ಹಲ್ಲುಗಳು ಕಣ್ಣೆದುರೇ ಕರಗಿ ನೀರಾಗಿದ್ದವು. ತಿರುಪು ತಿರುಗಿಸಿ ನೋಡಿದಳು, ಏನೂ ನಿಚ್ಚಳವಾಗಲಿಲ್ಲ. ಕಣ್ಣು ಒರೆಸಿಕೊಂಡು ಮತ್ತೆ ಮೊದಲಿನಿಂದ ಎಣಿಸಬೇಕಾಯಿತು.